ಪಕ್ಷದಲ್ಲಿ ಬಿಚ್ಚಬೇಕಾದ ಪೆಟ್ಟಿಗೆ

ಗಜೇಂದ್ರಗಡ. ನೀವು ಈಗ ಇರುವ ಪರಾಭವ ಸಂವತ್ಸರ ಕಳೆದು, ಅರವತ್ತು ವರ್ಷಕ್ಕೆ ಇನ್ನೊಂದು ಪರಾಭವ ಬಂದು ಹೋಗಿ, ಮತ್ತೆ ಅರವತ್ತಕ್ಕೆ ಬಂದ ಮೂರನೆಯ ಪರಾಭವದ ಭಾದ್ರಪದ ಬಹುಳ ಸಪ್ತಮಿ.

ನನ್ನ ಅಜ್ಜಿಯ ಅಜ್ಜಿ ನೀಲಗಂಗವ್ವನವರಿಗೆ ಸುಗಂಧಾ ಮಾಡುವ ಶರಣು ಶರಣಾರ್ಥಿ.

ಮೇಲಿನ ತಾರೀಖು ನೋಡಿ ಇದು ಯಾರದೋ ಕುಚೇಷ್ಟೆ ಎಂದು ಫೋನು ಮಗುಚಿ ಇಡಬೇಡಿ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಶಬ್ದ ನಾಲ್ಕಾರು ಬರುತ್ತವೆ. ನಿಮ್ಮ ಕಾಲದ ಶಬ್ದಗಳನ್ನು ನಾನು ಅಡ್ಡಾದಿಡ್ಡಿ ಬಳಸಿದರೂ ಬಳಸಿಯೇನು. ಶಾಲೆ ಕಲಿತದ್ದು ಕಡಿಮೆ. ಹಳೆಯ ಕಾಲದ ಪೆಟ್ಟಿಗೆಗಳನ್ನು ಬಿಚ್ಚಿ ನೋಡುತ್ತ, ಕೆಡಿಸುತ್ತ, ಕೂಡಿಸುತ್ತ ತಿಳಿದುಕೊಂಡದ್ದೇ ಹೆಚ್ಚು. ವಯಸ್ಸಿನಲ್ಲಿ ನಾನು ಎಪ್ಪತ್ತು ದಾಟಿದ ಮುದುಕಿ, ನೀವು ಇನ್ನೂ ಐವತ್ತರ ಆಚೀಚೆ. ಸಂಬಂಧದಲ್ಲಿ ಮಾತ್ರ ನಾನು ನಿಮ್ಮ ಮುಂದೆ ಕೂಸು. ಆದ್ದರಿಂದ ಬುದ್ಧಿ ಹೇಳುವಾಗ ಮುದುಕಿಯೆಂದು ಕೇಳಿಸಿಕೊಳ್ಳಿ, ತಪ್ಪಿದಲ್ಲಿ ಕೂಸೆಂದು ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪಡಸಾಲೆಯ ಮೂಲೆಯಲ್ಲಿ ಅಳಿಯ ಚಿದಾನಂದ ಕಳಿಸಿದ ರಟ್ಟಿನ ಪೆಟ್ಟಿಗೆ ಇದೆ. ಅದರೊಳಗೆ ವೈಫೈಯ ಮೂರು ಬಿಳಿ ಡಬ್ಬಿಗಳಿವೆ. ಪಿತೃಪಕ್ಷ ನಡೆದಿದೆ, ಹಿರಿಯರ ದಿನಗಳಲ್ಲಿ ಹೊಸ ವಸ್ತು ಬಿಚ್ಚಬಾರದು, ಪಕ್ಷ ಮುಗಿಯುವ ಮಾನಮಿ ಅಮಾವಾಸ್ಯೆ ಕಳೆಯಲಿ ಎಂದು ನೀವು ಅದರ ಮೇಲೆ ಹಳೆಯ ಸೀರೆ ಹೊದಿಸಿ ಇಟ್ಟಿದ್ದೀರಿ. ಒಳಗೆ ಬಾಣಂತಿ ಕೋಣೆಯಲ್ಲಿ ಮಗಳು ಶೈಲಶ್ರೀ ಮಲಗಿದ್ದಾಳೆ, ಅವಳ ಮಗ್ಗುಲಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಹುಬ್ಬಳ್ಳಿಯ ಆಸ್ಪತ್ರೆಯವರು ಕೂಸಿನ ಕಾಲಿಗೆ ಒಂದು ಪಟ್ಟಿ ಕಟ್ಟಿ ಕಳಿಸಿದ್ದಾರೆ. ಆ ಪಟ್ಟಿ ಕೂಸಿನ ಉಸಿರನ್ನೂ ಎದೆಬಡಿತವನ್ನೂ ವೈಫೈ ಮೂಲಕ ಅಲ್ಲಿಯ ನರ್ಸಮ್ಮನ ಪರದೆಗೆ ಮುಟ್ಟಿಸಬೇಕು, ಉಸಿರು ತಡವರಿಸಿದರೆ ನಿಮ್ಮೆಲ್ಲರ ಫೋನು ಕೂಗಬೇಕು. ಆದರೆ ಆ ಕೋಣೆಗೆ ವೈಫೈ ಮುಟ್ಟುವುದಿಲ್ಲ, ಮೊಬೈಲಿನ ಗೆರೆಗಳೂ ಹೊಸ್ತಿಲ ಹೊರಗೇ ನಿಲ್ಲುತ್ತವೆ. ಪೆಟ್ಟಿಗೆಯನ್ನು ಅಮಾವಾಸ್ಯೆಗೆ ಕಾಯದೆ ಇವತ್ತೇ ಬಿಚ್ಚಿರಿ ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ.

ಏನೂ ಮುಟ್ಟದ ಆ ಕೋಣೆಗೆ ನನ್ನ ಪತ್ರ ಹೇಗೆ ಮುಟ್ಟಿತು ಎಂದು ನೀವು ಕೇಳುತ್ತೀರಿ. ನಮ್ಮಲ್ಲಿ ತಿರುಗಂಚೆ ಎಂಬುದೊಂದು ಇದೆ. ಹಿಂದಿನವರಿಗೆ ಬರೆಯುವ ಅಂಚೆ ಅದು. ಗದ್ದಲವಿರುವ ಕಡೆಗೆ ಅದು ಹೋಗಲಾರದು. ಯಾವ ಅಲೆಯೂ ಸುಳಿಯದ ಮೂಲೆಯಿಂದ ಹೊರಟು, ಹಿಂದೆ ಅದೇ ಜಾಗ ಮೌನವಾಗಿದ್ದ ಕಾಲಕ್ಕೆ ಹೋಗಿ ಇಳಿಯುತ್ತದೆ. ಅಂಥ ಜಾಗಕ್ಕೆ ನಾವು ಮೌನಮೂಲೆ ಎನ್ನುತ್ತೇವೆ. ನಾನು ಕೂತು ಬರೆಯುತ್ತಿರುವುದು ನಿಮ್ಮದೇ ಬಾಣಂತಿ ಕೋಣೆಯಲ್ಲಿ. ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆಗೆ ನಾನು ಕೈ ಹಚ್ಚಿದರೆ ಈಗಲೂ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ನೀವು ಪೆಟ್ಟಿಗೆ ಬಿಚ್ಚಿದ ಮೇಲೆ ಆ ಕೋಣೆಯ ಮೌನ ಹೋಗುತ್ತದೆ, ನಾನು ಮತ್ತೆ ಬರೆದರೂ ನಿಮಗೆ ಮುಟ್ಟದು. ಹಾಗಾಗಿ ಎಲ್ಲವನ್ನೂ ಇದೊಂದರಲ್ಲೇ ಹೇಳುತ್ತಿದ್ದೇನೆ, ಉದ್ದವಾದರೆ ಬೇಸರ ಬೇಡ.

ನಮ್ಮ ಕಾಲದಲ್ಲಿ ನಿಮ್ಮ ಈ ಪಡಿಪಾಟಲು ಯಾರಿಗೂ ಅರ್ಥವಾಗುವುದಿಲ್ಲ. ಮನೆ ಕಟ್ಟುವಾಗಲೇ ಗೋಡೆಗೆ ಕೇಳುಗಾರೆ ಬಳಿಯುತ್ತಾರೆ. ನೋಡಲು ಸುಣ್ಣದ ಗಾರೆಯಂತೆಯೇ, ಆದರೆ ಗೋಡೆಗೋಡೆಯೂ ಮಾತನ್ನು ಹಿಡಿದು ಮುಂದಿನ ಗೋಡೆಗೆ ದಾಟಿಸುತ್ತದೆ. ಈ ಹಳೆಯ ಬಾಣಂತಿ ಕೋಣೆಗೆ ಮಾತ್ರ ಅದನ್ನು ಬಳಿದಿಲ್ಲ. ಬೆಳಿಗ್ಗೆ ಬಚ್ಚಲಲ್ಲಿ ಮುಖ ತೊಳೆಯುತ್ತ ಮುದ್ದೇಬಿಹಾಳದ ಬೀಗರ ಜೊತೆ ಜಗಳಾಡಬಹುದು, ಅಡಿಗೆ ಮನೆಗೆ ಬರುವಷ್ಟರಲ್ಲಿ ರಾಜಿಯೂ ಆಗಬಹುದು. ರೊಟ್ಟಿ ಮಾತ್ರ ಇನ್ನೂ ಕೈಯಿಂದಲೇ ಬಡಿಯುತ್ತೇವೆ. ಅದಕ್ಕೊಂದು ಯಂತ್ರ ಬಂದಿತ್ತು, ಅದರ ರೊಟ್ಟಿ ಉಂಡವರೆಲ್ಲ ಒಂದು ವಾರಕ್ಕೇ ವಾಪಸು ಕೊಟ್ಟರು. ಮಾಳಿಗೆಯ ಮೇಲೆ ಬಿಸಿಲುಹಾಸು ಹಾಸಿದ್ದೇವೆ, ಹಗಲೆಲ್ಲ ಬಿಸಿಲು ಕುಡಿದು ಸಂಜೆಗೆ ದೀಪ ಕೊಡುವ ಬಟ್ಟೆ ಅದು. ಹಪ್ಪಳ ಸಂಡಿಗೆ ಒಣ ಹಾಕುವುದೂ ಅದರ ಮೇಲೆಯೇ, ಬೇಗ ಒಣಗುತ್ತವೆ. ನಮ್ಮ ಮಕ್ಕಳಿಗೆ ಸಿಗ್ನಲ್ ಇಲ್ಲ ಎಂದರೆ ಏನೆಂದು ತಿಳಿಸಬೇಕಾದರೆ ಆಳದ ಬಾವಿಯ ತಳದಲ್ಲಿ ಗಾಳಿ ಆಡದಂತೆ ಎಂದು ಹೋಲಿಸಿ ಹೇಳುತ್ತೇನೆ. ಆಗ ಕಣ್ಣರಳಿಸುತ್ತವೆ.

ನಾನು ಮಾತ್ರ ನಿಮ್ಮನ್ನು ನೆನೆದು ಬೆರಗಾಗುತ್ತೇನೆ, ಅಜ್ಜಿ. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಆರತಿ ಎತ್ತಿದಂತೆ ತಲೆಯ ಮೇಲೆ ಎತ್ತಿ, ಪಡಸಾಲೆಯಿಂದ ನಡುಮನೆಗೆ, ನಡುಮನೆಯಿಂದ ಹಿತ್ತಲಿಗೆ ಒಂದು ಗೆರೆ ಹುಡುಕಿಕೊಂಡು ನಡೆದವರು ನೀವು. ಅಂಗೈಯಗಲದ ಡಬ್ಬಿಯಿಂದ ಕಣ್ಣಿಗೆ ಕಾಣದ ಅಲೆ ಹೊರಟು, ಬೇವಿನ ಬಾಗಿಲು ದಾಟಿ, ಜೋಳದ ಚೀಲ ದಾಟಿ, ನಿಮ್ಮ ಮೈಯನ್ನೂ ನಿಮಗೆ ಗೊತ್ತಿಲ್ಲದಂತೆ ದಾಟಿ ಹೋಗುತ್ತಿತ್ತು. ಅದು ಎಲ್ಲಿ ಸೋತಿತು, ಎಲ್ಲಿ ಗೆದ್ದಿತು ಎಂದು ಕಾಣದೆಯೇ ನೀವು ಅದನ್ನು ಮನೆಯಲ್ಲಿ ಪಳಗಿಸಿದಿರಿ. ನಮ್ಮ ಗೋಡೆಗಳು ತಾವೇ ಮಾತಾಡುತ್ತವೆ, ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನಿಲ್ಲ. ಮಾತಾಡದ ಗೋಡೆಯ ಜೊತೆ ಹೆಣಗಿದವರು ನೀವು.

ಹೆಣಗಾಟದ ಕಥೆಯೆಲ್ಲ ನನಗೆ ಬಾಯಿಪಾಠ. ಶೈಲಶ್ರೀ ಮಗಳಿಗೆ ಹೇಳಿದ್ದು, ಆ ಮಗಳು ನನಗೆ ಎಲ್ಲರ ದನಿ ತೆಗೆದು ಆಡಿ ತೋರಿಸಿದ್ದು. ಮನೆಗೆ ವೈಫೈ ಬಂದ ದಿನ ಅದೂ ಒಂದು ಬೆಳಕೇ ಅಲ್ಲವೇ ಎಂದು ರೌಟರನ್ನು ದೇವರ ಗೂಡಿನೊಳಗೆ, ಹಿತ್ತಾಳೆಯ ಪ್ರಭಾವಳಿಯ ಹಿಂದೆ ಇಟ್ಟು ವಿಭೂತಿ ಹಚ್ಚಿದಿರಿ. ನಮ್ಮದು ಭಾಂಡೆ ಅಂಗಡಿಯ ಮನೆತನ. ನಡುಮನೆಯ ಗೋಡೆಯ ತುಂಬ ನೆಲದಿಂದ ತೊಲೆಯವರೆಗೆ ತಾಮ್ರದ ಕೊಡ, ಹಿತ್ತಾಳೆಯ ಹಂಡೆ ಸಾಲುಸಾಲು. ಬಾಣಂತಿ ಕೋಣೆ ಆ ಗೋಡೆಯ ಹಿಂದೆ. ಗೆರೆ ಸಾಲದೆಂದು ಯಜಮಾನರಾದ ಮಹಾರುದ್ರಪ್ಪನವರು ರಿಪೀಟರ್ ಎಂಬ ಸಣ್ಣ ಡಬ್ಬಿ ತಂದು, ಒಳಗೆ ಬಾಣಂತಿಯ ತಲೆದೆಸೆಗೇ ಸಿಕ್ಕಿಸಿದರು. ಅದರ ಕೆಂಪು ದೀಪ ಉರಿಯಿತೇ ಹೊರತು ಬೇರೇನೂ ಆಗಲಿಲ್ಲ. ಆಮೇಲೆ ನಡೆದ ಪಂಚಾಯಿತಿಯಂತೂ ನಮ್ಮಲ್ಲಿ ಈಗಲೂ ಹಬ್ಬದ ಊಟದ ನಂತರ ಆಡಿ ನಗುವ ಮಾತು.

“ಎಂಟು ಕೊಂಬಿಂದೊಂದು ರೌಟರ್ ಬಂದೈತಿ ಪ್ಯಾಟ್ಯಾಗ. ಅದನ್ನ ತರ್ತೀನಿ. ಅರ್ಧಾ ಊರಿಗೆ ಮುಟ್ತೈತಂತ,” ಎಂದರು ಮಹಾರುದ್ರಪ್ಪನವರು.

“ಅರ್ಧಾ ಊರು ತಗೊಂಡು ಏನ್ಮಾಡೂನ್ರಿ? ನನ್ನ ಮಗಳ ಹಾಸಿಗಿತನಾ ಮುಟ್ಟಿದ್ರ ಸಾಕು,” ಎಂದಿರಿ ನೀವು.

ನಿಮ್ಮ ನಾದಿನಿ ಬಸಲಿಂಗವ್ವ ಎಲೆಗೆ ಸುಣ್ಣ ಸವರುತ್ತ, “ಅಲ್ಲವಾ ವೈನಿ, ಗ್ವಾಡಿಗೊಂದು ತೂತು ಹೊಡೀರಿ. ಅದರಾಗ ನಾನೂ ನೀನೂ ಮಾತಾಡಬೌದು,” ಎಂದಳು.

“ತೂತು ಹೊಡದ್ರ ಬಾಣಂತಿಗೆ ಗಾಳಿ ಸೋಕತೈತಿ. ನಿನ್ನ ಬಾಯಿಗೊಂದು ಬೀಗ ಹೊಡೀತೀನಿ ನೋಡು ಮೊದಲ!” ಎಂದಿರಿ ನೀವು.

ಬಾಣಂತಿಯನ್ನೇ ಪಡಸಾಲೆಗೆ ತರೋಣ ಎಂದು ಯಾರೋ ಅಂದಾಗ ನೀವು ಎದ್ದೇ ಹೋದಿರಂತೆ. ತಿಂಗಳು ತುಂಬದ ಕೂಸು, ಸಂತೆಯಂಥ ಪಡಸಾಲೆ; ನೀವು ಮಾಡಿದ್ದು ಸರಿ. ಅಷ್ಟರಲ್ಲಿ ಚಿದಾನಂದ ಈ ಮೂರು ಡಬ್ಬಿ ಕಳಿಸಿದ. “ಪಕ್ಷಾ ಮುಗೀಲಿ, ಇದನ್ನ ತಿರುಗಿ ಕಳಿಸಿ ಆ ಎಂಟು ಕೊಂಬಿಂದು ತರೂಣು,” ಎಂದು ಯಜಮಾನರು ಅಂದದ್ದಕ್ಕೆ ನೀವು ಹೂಂ ಅಂದಿದ್ದೀರಿ.

ಆ ಹೂಂ ಹಿಂದಕ್ಕೆ ತೆಗೆದುಕೊಳ್ಳಿ, ಅಜ್ಜಿ. ಕೊಂಬು ಎಷ್ಟಿದ್ದರೂ ಒಂದು ಡಬ್ಬಿ ಒಂದೇ ಕಡೆ ನಿಂತು ಕೂಗಬೇಕು, ಕಲ್ಲುಮಣ್ಣಿನ ಗೋಡೆ ಆ ಕೂಗನ್ನು ನುಂಗುತ್ತದೆ, ತಾಮ್ರ ಹಿತ್ತಾಳೆಗಳು ತಿರುಗಿಸಿ ಎಸೆಯುತ್ತವೆ. ರಿಪೀಟರ್ ಸೋತದ್ದೂ ಇದಕ್ಕೇ. ತನಗೆ ಕೇಳಿಸಿದ್ದನ್ನು ಮುಂದಕ್ಕೆ ಹೇಳುವುದು ಅದರ ಕೆಲಸ. ಏನೂ ಕೇಳಿಸದ ಕಡೆಗೆ ಅದನ್ನು ಕೂರಿಸಿದರೆ ಏನು ಹೇಳೀತು? ಬರಿದಾದ ಬಾವಿಗೆ ಇನ್ನೊಂದು ಕೊಡ ಇಳಿಬಿಟ್ಟಂತೆ. ಈ ಮೂರು ಡಬ್ಬಿಗಳ ರೀತಿ ಬೇರೆ. ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುತ್ತಾರಲ್ಲ, ಹಾಗೆ ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಮೂರಕ್ಕೂ ಹೆಸರು ಒಂದೇ, ಫೋನು ಹಿಡಿದು ಮನೆಯೆಲ್ಲ ಓಡಾಡಿದರೂ ಯಾವುದು ಹತ್ತಿರವೋ ಅದೇ ಕೈ ಹಿಡಿಯುತ್ತದೆ.

ಮೊದಲನೆಯದನ್ನು ಹೊರಗಿನ ತಂತಿ ಬರುವ ಪಡಸಾಲೆಯಲ್ಲಿ, ಎದೆಮಟ್ಟದ ಮೇಜಿನ ಮೇಲೆ ಬಯಲಿಗೆ ಇಡಿ. ದೇವರಿಗೆ ಬೇಸರವಾಗುವುದಿಲ್ಲ, ಹಿತ್ತಾಳೆಯ ಮರೆಯಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ. ಎರಡನೆಯದನ್ನು ಅಡಿಗೆ ಮನೆಯ ಬಾಗಿಲ ಪಕ್ಕ, ಮೊದಲನೆಯದಕ್ಕೆ ತೆರೆದ ಬಾಗಿಲಿನಿಂದ ಕಾಣುವಂತೆ ಇಡಿ. ಮೂರನೆಯದು ಬಾಣಂತಿ ಕೋಣೆಗೆ. ಅಲೆಯನ್ನು ಅಲ್ಲಿಗೆ ಗೋಡೆಯ ಮೂಲಕ ನೂಕಬೇಡಿ, ತಂತಿ ಎಳೆಯಿರಿ. ಗೋಡೆಗೆ ತೂತು ಬೇಡ. ಪಡಸಾಲೆಯ ಮೇಲೊಂದು ಬೆಳಕಿಂಡಿ, ಬಾಣಂತಿ ಕೋಣೆಯ ಮೇಲೊಂದು ಬೆಳಕಿಂಡಿ ಇವೆಯಲ್ಲ. ಇಲ್ಲಿಂದ ಹತ್ತಿಸಿ, ಮಾಳಿಗೆಯ ಮೇಲೆ ಹಾಸಿ, ಅಲ್ಲಿಂದ ಇಳಿಬಿಡಿ. ತಂತಿಯ ಪಡಸಾಲೆಯ ತುದಿ ಮೊದಲ ಡಬ್ಬಿಗೆ, ಕೋಣೆಯ ತುದಿ ಮೂರನೆಯದಕ್ಕೆ. ಬೆಳಕು ಬರುವ ದಾರಿಯಲ್ಲೇ ಅದೂ ಬರಲಿ. ಆಮೇಲೆ ಆಸ್ಪತ್ರೆಗೆ ಫೋನು ಮಾಡಿ, ಕೂಸಿನ ಉಸಿರು ಕಾಣುತ್ತಿದೆಯೇ ಎಂದು ಕೇಳಿ, ಅವರು ಹೌದೆನ್ನುವವರೆಗೆ ನೆಚ್ಚಿ ಕೂರಬೇಡಿ.

ಕಾದರೆ ಏನಾಗುತ್ತದೆ ಎಂಬುದನ್ನು ಹೇಳದೆ ಮುಗಿಸಬಹುದಿತ್ತು. ಆದರೆ ನೀವು ಸುಮ್ಮನೆ ಹೇಳಿದ್ದನ್ನು ಕೇಳುವವರಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನೀವು ಕಾದಿರಿ. ಅಮಾವಾಸ್ಯೆಯ ದಿನ, ಹಿರಿಯರಿಗೆ ಎಡೆ ಹಾಕುವ ಗಡಿಬಿಡಿಯಲ್ಲಿ ಮನೆಯವರೆಲ್ಲ ಅಡಿಗೆ ಮನೆಯಲ್ಲಿದ್ದಿರಿ, ಶೈಲಶ್ರೀಗೆ ಜೊಂಪು ಹತ್ತಿತ್ತು. ಕೂಸಿನ ಉಸಿರು ನಿಂತು ನಿಂತು ಬಂತು. ಪಟ್ಟಿ ಕಿವಿಗೆ ಕೇಳದ ಅಲೆಯಲ್ಲಿ ಕೂಗಿತು, ಆ ಕೂಗು ಗೋಡೆ ದಾಟಲಿಲ್ಲ, ಯಾರ ಫೋನಿಗೂ ಮುಟ್ಟಲಿಲ್ಲ. ಹೆದರಬೇಡಿ, ಕೂಸು ಬದುಕಿತು. ಶೈಲಶ್ರೀ ಎಚ್ಚೆತ್ತು ಚೀರಿದಳು, ನೀವು ಹಿಟ್ಟಿನ ಕೈಯಲ್ಲೇ ಓಡಿ ಬಂದು ಎತ್ತಿಕೊಂಡಿರಿ. ಬದುಕಿತು, ಆದರೆ ಉಸಿರು ಸಿಗದ ಆ ಹೊತ್ತಿನಲ್ಲಿ ಮಿದುಳಿಗೆ ಪೆಟ್ಟಾಗಿ ಎಡಗೈ ಸೋತಿತು. ತೊಂಬತ್ತು ದಾಟುವವರೆಗೆ ಬಾಳಿದ ಆ ಕೂಸೇ ನನ್ನ ಅಜ್ಜಿ. ಅವಳ ಎಡಗೈಯನ್ನು ನಾನು ಚಿಕ್ಕಂದಿನಲ್ಲಿ ನನ್ನ ಮಡಿಲಲ್ಲಿಟ್ಟು ಎಣ್ಣೆ ತೀಡುತ್ತಿದ್ದೆ. ಹೂವಿನಂತೆ ಹಗುರ, ಮೆತ್ತಗೆ, ಮುಚ್ಚಿದರೆ ತೆರೆಯದು. ಬಲಗೈಯೊಂದರಲ್ಲೇ ಅವಳು ತೂಗಿದಳು, ಅಳೆದಳು, ಮಕ್ಕಳನ್ನು ಎತ್ತಿದಳು. ಯಾರ ಮೇಲೂ ದೂರು ಹೇಳಲಿಲ್ಲ, ನಿಮ್ಮ ಮೇಲಂತೂ ಇಲ್ಲವೇ ಇಲ್ಲ. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತೊಟ್ಟಿಲಲ್ಲಿ ಹೆಸರಿಟ್ಟು ಕಿವಿಯಲ್ಲಿ ಹೇಳುವ ಸುಖ ನಿಮ್ಮದು.

ಪಕ್ಷದಲ್ಲಿ ಹೊಸತು ಬಿಚ್ಚಿದರೆ ಹಿರಿಯರು ಮುನಿಯುತ್ತಾರೆ ಎಂಬ ಅಂಜಿಕೆ ನಿಮ್ಮದು. ಅದಕ್ಕೆ ನನ್ನ ಬಳಿ ಇರುವ ಉತ್ತರ ನಿಮ್ಮ ಸುತ್ತಲಿನ ಯಾರ ಬಳಿಯೂ ಇಲ್ಲ. ನಮ್ಮ ಕಾಲಕ್ಕೆ ಹಿರಿಯರು ನೀವೇ. ಪ್ರತಿ ಮಾನಮಿ ಅಮಾವಾಸ್ಯೆಗೆ ನಾನು ನಿಮಗೆ ಎಡೆ ಹಾಕುತ್ತೇನೆ: ಕರಿಗಡಬು, ಬದನೆಕಾಯಿ ಪಲ್ಯ, ಹಸಿಮೆಣಸಿನಕಾಯಿಯ ಖಾರ, ಮೇಲೊಂದು ಚಮಚ ತುಪ್ಪ. ಎಡೆಯ ಮುಂದೆ ಕೈಮುಗಿದು ಕೂತಾಗ ಕೂಸಿಗಾಗಿ ಮಾಡಿದ ಕೆಲಸಕ್ಕೆ ನೀವು ಮುನಿದೀರಿ ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ನೀವೇ ಎದೆ ಮುಟ್ಟಿ ಹೇಳಿ, ನಾನು ನನ್ನ ಮೊಮ್ಮಗುವಿನ ಉಸಿರಿಗಾಗಿ ಪಕ್ಷದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಹರಿದರೆ ನೀವು ಎಡೆ ಬಿಟ್ಟು ಎದ್ದು ಹೋಗುತ್ತೀರಾ? ನೀವು ಹೋಗದಿದ್ದರೆ ನಿಮ್ಮ ಹಿರಿಯರೂ ಹೋಗುವುದಿಲ್ಲ. ಅವರೂ ನಿಮ್ಮಂಥವರೇ.

ಇನ್ನೊಂದು ಮಾತಿದೆ, ಅದನ್ನು ಬರೆಯಬೇಕೋ ಬೇಡವೋ ಎಂದು ಬೆಳಿಗ್ಗೆಯಿಂದ ಯೋಚಿಸಿದೆ. ನನ್ನ ಅಜ್ಜಿಗೆ ದೂರದ ಊರಿಗೆ ಹೋಗಿ ವೀಣೆ ಕಲಿಯುವ ಆಸೆಯಿತ್ತು. ಕೈ ಆಗದ್ದಕ್ಕೆ ನಿಮ್ಮ ಬಳಿ ಈ ಊರಲ್ಲೇ ಉಳಿದು ನಮ್ಮ ಭಾಂಡೆ ಅಂಗಡಿಯಲ್ಲಿ ಕೂತಳು. ಅಲ್ಲಿಗೊಬ್ಬ ಹಂಡೆ ಕೊಳ್ಳಲು ಬಂದವನು ಅರ್ಧ ದಿನ ಚೌಕಾಶಿ ಮಾಡುತ್ತ ಕೂತ. ಅವನೇ ನನ್ನ ಅಜ್ಜ. ಎಡಗೈ ಸರಿಯಿದ್ದರೆ ಆ ದಿನ ಅವಳು ಅಲ್ಲಿರುವುದಿಲ್ಲ. ಅವನು ಬೇರೆ ಯಾರ ಕೈಯಿಂದಲೋ ಹಂಡೆ ಕೊಂಡು ತನ್ನ ಊರಿಗೆ ಹೋಗುತ್ತಾನೆ. ಮುಂದೆ ನನ್ನ ಅವ್ವನೂ ಇಲ್ಲ, ನಾನೂ ಇಲ್ಲ. ನಿಮ್ಮ ಎಡೆಗೆ ಕಡಬು ಮಾಡುವವರು ಬೇರೆ ಯಾರೋ ಇರುತ್ತಾರೆ, ನನಗಿಂತ ಚೆನ್ನಾಗಿಯೇ ಮಾಡಬಹುದು.

ನನ್ನ ಚಿಂತೆ ಬೇಡ, ಅಜ್ಜಿ. ಎಪ್ಪತ್ತು ವರ್ಷ ಉಂಡಿದ್ದೇನೆ, ನಕ್ಕಿದ್ದೇನೆ, ಅವಳ ಮಡಿಲಲ್ಲಿ ಮಲಗಿದ್ದೇನೆ. ಅದಕ್ಕೆ ಬದಲಾಗಿ ಅವಳ ಎರಡೂ ಕೈ ವೀಣೆಯ ಮೇಲಿರುವುದನ್ನು ಯಾರಾದರೂ ಕಂಡರೆ ಸಾಕು. ಸೀರೆ ಸರಿಸಿ, ಕತ್ತರಿ ತೆಗೆದುಕೊಳ್ಳಿ.

ಇದ್ದರೂ ಇರದಿದ್ದರೂ
ನಿಮ್ಮ ಮೊಮ್ಮಗಳ ಮೊಮ್ಮಗಳು,
ಸುಗಂಧಾ