ಹನ್ನೊಂದನೆಯ ಹೆಸರು

ಚನ್ನಪಟ್ಟಣ
೧೪ ಅಕ್ಟೋಬರ್ ೧೯೧೨

ಪ್ರೀತಿಯ ಗಿರಿಜಕ್ಕನಿಗೆ ಗವಿಸಿದ್ದನ ಶರಣು.

ಇಲ್ಲ ಅಕ್ಕ, ಜ್ವರವೂ ಅಲ್ಲ, ಭ್ರಮೆಯೂ ಅಲ್ಲ. ದೊಡ್ಡಆಲಹಳ್ಳಿಯಲ್ಲಿ ಕೂತು ‘ಕಷಾಯ ಕುಡಿದು ಮಲಗು’ ಎಂದು ಬರೆಯುವುದು ಸುಲಭ. ಸತ್ತ ಹುಚ್ಚಯ್ಯ ಓಗೊಟ್ಟಿದ್ದನ್ನು ನಾನೊಬ್ಬನೇ ಅಲ್ಲ, ಇಡೀ ತಂಡ ಕೇಳಿದೆ. ಮೊದಲಿನಿಂದ ಹೇಳುತ್ತೇನೆ, ಕೇಳು.

ನನಗೆ ಚೆಂಡು ಹಿಡಿಯಲು ಬಾರದು, ನಿನಗೇ ಗೊತ್ತು. ಗಾಡಿ ಕಟ್ಟಿಸುವುದು, ಬುತ್ತಿ ಹೊಂದಿಸುವುದು, ಆಟಕ್ಕೆ ಮುಂಚೆ ಹನ್ನೊಂದು ಹೆಸರು ಕೂಗುವುದು, ಇಷ್ಟೇ ಕ್ರಿಕೆಟ್ ಮ್ಯಾನೇಜರನ ಕೆಲಸ. ಯಾರನ್ನಾದರೂ ಕೈಬಿಟ್ಟರೆ ಅವನು ‘ಮುಂದ್ಲ ಸಲಾನಾ ಸಿದ್ದಣ್ಣ?’ ಎನ್ನುತ್ತಾನೆ. ನಾನು ‘ನೋಡಾನ’ ಎನ್ನುತ್ತೇನೆ. ಇಲ್ಲ ಎನ್ನಲು ನನಗೆ ಬಾಯೇ ಬರುವುದಿಲ್ಲ.

ಹುಚ್ಚಯ್ಯ ನಮ್ಮ ಬೌಲರ್. ಕಳೆದ ಮಾಗಿಯಲ್ಲಿ ಪ್ಲೇಗಿಗೆ ಊರು ಖಾಲಿಯಾದಾಗ ಹೊಲದ ಗುಡಿಸಲಿನಲ್ಲೇ ತೀರಿಕೊಂಡ. ಅವನಿಲ್ಲದ ಮೊದಲ ಆಟ ಕ್ಲೋಸ್‌ಪೇಟೆಯಲ್ಲಿ. ಹತ್ತೇ ಜನ ಹೋಗಿದ್ದೆವು. ರೂಢಿಯ ಮೇಲೆ ಹನ್ನೊಂದನೆಯ ಹೆಸರನ್ನೂ ಕೂಗಿಬಿಟ್ಟೆ. ಬೇಲಿಯ ಕಡೆಯಿಂದ ‘ಬಂದೇ ಸಿದ್ದಣ್ಣ’ ಎಂದು ಕೇಳಿಸಿತು. ನಮ್ಮ ತಂಡದ, ಬೊಂಬೆ ಕಡೆಯುವ ರಸೂಲ್ ‘ಏನ್ಲಾ, ಸತ್ತೋನ್ನ ಕರೀತೀಯಲ್ಲಾ, ಬಂದ್ಬುಟ್ರೆ ಯಾರ್ ಬುತ್ತಿ ಕೊಡ್ತೀಯ್ಲಾ?’ ಎಂದು ನಗಲು ನೋಡಿದ. ಯಾರೂ ನಗಲಿಲ್ಲ.

ಅಂದು ಗುಡ್ಡದ ಕಡೆ ನಾವು ಯಾರನ್ನೂ ನಿಲ್ಲಿಸಿರಲಿಲ್ಲ. ಆದರೂ ಎದುರಿನವರು ಅತ್ತ ಚೆಂಡು ಹೊಡೆದಾಗೆಲ್ಲ ಓಡದೆ ನಿಂತುಬಿಡುತ್ತಿದ್ದರು. ಯಾಕೆಂದು ಕೇಳಿದರೆ, ‘ಅಲ್ಲಿ ನಿಮ್ಮೋನು ನಿಂತವ್ನಲ್ಲ’ ಎಂದರು. ಗೆದ್ದೆವು. ಅಂದಿನಿಂದ ಪ್ರತಿ ಆಟಕ್ಕೂ ಬೇಕೆಂದೇ ಅವನ ಹೆಸರು ಕೂಗಿದೆ, ಪ್ರತಿ ಆಟವನ್ನೂ ಗೆದ್ದೆವು. ಹತ್ತೇ ಜನರನ್ನಿಟ್ಟುಕೊಂಡು ಗೆಲ್ಲಿಸುವವನೆಂದು ಬೆಂಗಳೂರಿನ ದೊಡ್ಡವರು ನನ್ನನ್ನು ಮೈಸೂರು ಸಂಸ್ಥಾನದ ತಂಡಕ್ಕೆ ಮ್ಯಾನೇಜರ್ ಮಾಡಿದ್ದಾರೆ. ಇವತ್ತಿನ ರೈಲಿಗೆ ಹೊರಟು ಮದರಾಸಿಗೆ ಹೋಗಬೇಕು. ಅಲ್ಲಿಯೂ ಹೆಸರು ಕೂಗಿದರೆ ಅವನು ಬರುತ್ತಾನೆ, ನನಗೆ ಗೊತ್ತು. ಕೂಗದೆ ಸೋತರೆ ಮತ್ತೆ ಇದೇ ಎತ್ತಿನ ಗಾಡಿ.

ಮಹಾಲಯ ಅಮಾವಾಸ್ಯೆಯ ಮಾರನೆಯ ದಿನ ಅವನ ತಾಯಿ ಮುನಿಯಮ್ಮ ಬಂದಳು. ಮಗನಿಗಿಟ್ಟ ಎಡೆಯನ್ನು ಕಾಗೆ ಮುಟ್ಟಲಿಲ್ಲವಂತೆ, ಕಜ್ಜಾಯ ಹಾಗೇ ಒಣಗಿತಂತೆ. ‘ಅವ್ನು ಮನೇಗೇ ಬಂದಿಲ್ಲ ಕಣಪ್ಪ. ನಿನ್ನ ಬಯಲ್ನಾಗೇ ನಿಂತವ್ನೆ, ಹೊಟ್ಟೆ ಅಸ್ಕಂಡವ್ನೆ. ಕರ್ದೋನು ನೀನು, ನೀನೇ ಕಳ್ಸು’ ಎಂದಳು. ಅಳಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

ಸೋತರೆ ಸೋಲಲಿ ಅಕ್ಕ. ಈಗ ಈ ಕೋಣೆಯಲ್ಲೇ ಅವನನ್ನು ಕೂಗಿ, ಇನ್ನೆಂದೂ ನೀನು ತಂಡದಲ್ಲಿಲ್ಲ ಎಂದು ಹೇಳಿಬಿಡುತ್ತೇನೆ. ಮುನಿಯಮ್ಮ ಇವತ್ತು ಮತ್ತೆ ಎಡೆ ಇಡುತ್ತಾಳೆ.

ನಿನ್ನ ತಮ್ಮ,
ಗವಿಸಿದ್ದಯ್ಯ

ಮತ್ತೊಂದು ಮಾತು: ಸ್ಟೇಷನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೇಳಿದೆ ಅಕ್ಕ. ‘ನೀನಿಲ್ಲ ಕಣ್ಲಾ ಹುಚ್ಚಯ್ಯ. ಮನೇಗೋಗು, ಅವ್ವ ಎಡೆ ಇಟ್ಕಂಡು ಕಾಯ್ತಾವ್ಳೆ’ ಎಂದೆ. ಟ್ರಂಕಿಗೆ ಬೀಗ ಹಾಕಲು ಬಗ್ಗಿದೆ. ಆಗ ನನ್ನ ಕಿವಿಯ ಪಕ್ಕದಲ್ಲೇ, ‘ಮುಂದ್ಲ ಸಲಾನಾ ಸಿದ್ದಣ್ಣ?’ ಎಂದ. ಇಲ್ಲ ಎನ್ನಬೇಕಿತ್ತು. ‘ನೋಡಾನ’ ಎಂದುಬಿಟ್ಟೆ. ಟ್ರಂಕು ಎತ್ತಿಕೊಂಡು ಹೊರಗೆ ಬಂದು ಬಾಗಿಲು ಹಾಕಿದೆ.