ಟರ್ಬೊ ಕಾರಿಗೆ ಅರಗಿನ ಬೆಸುಗೆ

ಕೋಡಿಹಳ್ಳಿ
ಭಾನುವಾರ, 18 ನವೆಂಬರ್ 2007

ಪ್ರೀತಿಯ ನಾಗಣ್ಣನಿಗೆ,

ನಿನ್ನ ತಂಗಿ ಲತಾಮಣಿಯ ನಮಸ್ಕಾರ. ‘ಪ್ರೀತಿಯ’ ಅಂತ ಬರೆದದ್ದು ಕೈಗೆ ಅಭ್ಯಾಸವಾಗಿರೋದರಿಂದ. ಇವತ್ತು ನಿನ್ನನ್ನೂ ನಿನ್ನ ಬಾವನನ್ನೂ ನೆನೆಸಿಕೊಂಡರೆ ನನಗೆ ಹೇಸಿಗೆ ಬಿಟ್ಟು ಬೇರೇನೂ ಆಗುತ್ತಿಲ್ಲ.

ಬೆಳಗಿನ ಜಾವ ಐದು ಗಂಟೆಗೆ ಎಚ್ಚರವಾಯಿತು. ಶೆಡ್ಡಿನಲ್ಲಿ ನಿನ್ನ ಬಾವ ಕಾರು ಸ್ಟಾರ್ಟ್ ಮಾಡಿ ಆಕ್ಸಿಲೇಟರ್ ಒತ್ತಿ ಒತ್ತಿ ಬಿಡುತ್ತಿದ್ದರು. ಒಂದೊಂದು ಸಲಕ್ಕೂ ಟರ್ಬೊ ಸೀಟಿ ಊದಿದ ಹಾಗೆ ಕೂಗುತ್ತಿತ್ತು. ನನಗೆ ಕಣ್ಣು ಹತ್ತಿದ್ದೇ ಆಗ ತಾನೆ. ಕೈ ಚಾಚಿದರೆ ಪಕ್ಕದಲ್ಲಿ ಪಾಪು ಇಲ್ಲ. ಎದ್ದು ಓಡಿದೆ. ಸ್ಟೇರಿಂಗ್ ಹಿಂದೆ ಅಪ್ಪನ ತೊಡೆ ಮೇಲೆ ಕೂತಿದೆ, ಹಣೆ ತುಂಬ ಕಪ್ಪು. ಗ್ರೀಸು! ದೃಷ್ಟಿಬೊಟ್ಟು ಕಣೇ, ನಾಳೆ ಮಾದಪ್ಪಂಗೆ ಮುಡಿ ಕೊಡಾಕೆ ಹೋಗೋ ಮಗ, ಯಾರ ಕಣ್ಣೂ ಬೀಳಬಾರದಲ್ಲ ಅಂದರು. ಸೆರಗಿನಿಂದ ಒರೆಸಿದರೆ ಕಿವಿಯವರೆಗೂ ಹರಡಿತು. ಮಗು ನಗುತ್ತಿತ್ತು, ಅಪ್ಪನೂ ನಗುತ್ತಿದ್ದರು.

ಈ ತಿಂಗಳೆಲ್ಲ ಹೀಗೇ ಆಯಿತು. ಬಿಡದಿ ಫ್ಯಾಕ್ಟರಿಯವರನ್ನ ಬಾಡಿಗೆಗೆ ಕೂರಿಸಿಕೊಂಡು ಬೆಟ್ಟ ಹತ್ತುವಾಗ ಆಯಿಲ್ಲು ಕಾದು ನೀರಾಗಿ ಕೆಂಪು ದೀಪ ಹತ್ತಿತಲ್ಲ, ಆಯಿಲ್ ಕೂಲರ್ ಹಾಕಿಸು ಅಂತ ಕನಕಪುರದ ಮೆಕ್ಯಾನಿಕ್ ಹೇಳಿದ್ದು ಸರಿಯಾಗೇ ಇತ್ತು. ಎಂಜಿನ್ನಿನ ಬಿಸಿ ಆಯಿಲ್ಲು ಪೈಪಿನಲ್ಲಿ ಹೊರಗೆ ಬಂದು, ಮುಂದುಗಡೆ ಗಾಳಿಗೆ ನಿಲ್ಲಿಸಿದ ಜಾಲರಿಯೊಳಗೆ ಹರಿದು, ತಣ್ಣಗಾಗಿ ವಾಪಸು ಹೋಗಬೇಕು. ಬೆಂಗಳೂರಿನಲ್ಲಿ ಹೇಳಿ ಮಾಡಿಸಿದ ಪೈಪು, ತಿರುಪು ಹಾಕಿ ಕೂರಿಸುತ್ತಾರೆ ಅಂತಲೂ ಅವನೇ ಹೇಳಿದ್ದ. ನಮ್ಮ ಬಾಮೈದನ ಬೊಂಬೆ ಲೇತ್ ಇರುವಾಗ ಬೆಂಗಳೂರು ಯಾಕ್ಲಾ ಅಂತ ನಿನ್ನ ಬಾವ ಅವನನ್ನ ಬೈದು ಬಂದರು.

ಗುಜರಿಯಿಂದ ಯಾವುದೋ ಲಾರಿಯ ಕೂಲರ್ ತಂದರು. ಅದರ ಸಂದುಸಂದಿನಲ್ಲಿ ಸತ್ತ ಹುಳ, ಹಕ್ಕಿಪುಕ್ಕ, ಒಣಗಿದ ರಕ್ತವೋ ಏನೋ. ಪಾಪುವಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ತೊಳೆದರು. ಹಳೇ ಆಯಿಲ್ಲು ಬಸಿದದ್ದು ಅದೇ ಮಗುವಿನ ಸ್ನಾನದ ಟಬ್ಬಿಗೆ. ನಾನು ಕೂಗಾಡಿದರೆ ಅತ್ತೆ, ತೊಳೆದ್ರೆ ಹೋಯ್ತದೆ ಬುಡವ್ವ, ಗಂಡಸ್ರು ಕೆಲ್ಸ ಮಾಡ್ತಾವ್ರೆ ಅಂದರು. ಸಾಬೂನು, ಬೂದಿ, ಕಡಲೆಹಿಟ್ಟು, ಎಲ್ಲ ಹಾಕಿ ತಿಕ್ಕಿದ್ದೀನಿ. ಆ ವಾಸನೆ ಹೋಗಿಲ್ಲ. ಮಗುವಿನ ನೆತ್ತಿ ಮೂಸಿದರೂ ಅದೇ ವಾಸನೆ. ಅದೇ ಉಗುರಿನ ಕೈಯಲ್ಲಿ ಇವರು ಮುದ್ದೆ ಮುರಿಯುತ್ತಾರೆ. ಎದುರಿಗೆ ಕೂತು ಊಟ ಮಾಡೋಕೆ ನನಗಾಗೋದಿಲ್ಲ.

ಅದನ್ನೆಲ್ಲ ನುಂಗಿಕೊಂಡಿದ್ದೆ ಅಣ್ಣ. ನೀನು ಮಾಡಿದ್ದನ್ನ ಮಾತ್ರ ನುಂಗೋಕಾಗ್ತಿಲ್ಲ.

ಆಯಿಲ್ಲನ್ನ ಪೈಪಿಗೆ ತಿರುಗಿಸೋಕೆ ಫಿಲ್ಟರಿನ ಬುಡಕ್ಕೆ ಕೂರಿಸೋ ಬಿಲ್ಲೆಯನ್ನ ನೀನು ಲೇತಿನಲ್ಲಿ ಕಡೆದುಕೊಟ್ಟೆ. ಪೈಪು ಸಿಕ್ಕಿಸೋ ಹಿತ್ತಾಳೆ ಮೂತಿ ಅದರಲ್ಲಿ ಸಡಿಲವಾಯಿತು. ತೂತು ದೊಡ್ಡದಾಯಿತು, ಇನ್ನೊಂದು ಕಡೀತೀನಿ ಅನ್ನೋದು ಬಿಟ್ಟು, ಬೊಂಬೆಗೆ ಬಣ್ಣ ಹಿಡಿಸೋ ಅರಗನ್ನ ಕಾಯಿಸಿ ತುಂಬಿಬಿಟ್ಟೆ. ಅರಗು! ನಮ್ಮ ಅರಗು ಕಚ್ಚಿತು ಅಂದ್ರೆ ಯಮ ಬಂದ್ರೂ ಬುಡಾಕಿಲ್ಲ ಬಾವ ಅಂತ ನೀನು ಎದೆ ತಟ್ಟಿಕೊಂಡದ್ದನ್ನ ಇವರು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಚಾಕುವಿಗೆ ಹಿಡಿ ಕೂರಿಸೋಕೆ ಅದು ಸರಿ. ಆದರೆ ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅದು ಕರಗುತ್ತೆ ಅನ್ನೋದು ನಮ್ಮ ಮನೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಕರಗೋದರಿಂದಲೇ ಅಲ್ಲವೇ ಬೊಂಬೆಗೆ ಬಣ್ಣ ಹತ್ತೋದು? ಬೆಟ್ಟ ಹತ್ತುವಾಗ ಎಂಜಿನ್ ಆಯಿಲ್ಲು ಕುದಿಯೋ ನೀರಿಗಿಂತ ಬಿಸಿ ಇರುತ್ತೆ. ಮೂತಿ ಕಿತ್ತುಬಂದರೆ ಆಯಿಲ್ಲೆಲ್ಲ ಕೆಂಡದಂಥ ಟರ್ಬೊ ಮೇಲೆ ಚಿಮ್ಮುತ್ತೆ. ಹತ್ತಿಕೊಂಡರೆ ಪಾಪುವನ್ನ ನಾನು ಯಾವ ಬಾಗಿಲಿಂದ ಎಳೆದುಕೊಳ್ಳಲಿ?

ಫೋನಿನಲ್ಲಿ ಹೇಳಿದೆ. ಬಿ.ಎಸ್ಸಿ. ಮಾಡಿದ್ದು ಸಾಲದು ಅಂತ ಈಗ ಡ್ರೈವಿಂಗೂ ಕಲ್ತ್ಯಾ ಅಂತ ನೀನು ನಕ್ಕೆ. ಇನ್ನೊಂದು ಸಲ ಮಾಡಿದರೆ ಅತ್ತಿಗೆ ಕೈಗೆ ಕೊಟ್ಟು ಎದ್ದುಹೋದೆ. ಅದಕ್ಕೇ ಈ ಕಾಗದ. ಕಾಗದದ ಮುಂದೆ ನಕ್ಕು ಎದ್ದುಹೋಗೋಕಾಗಲ್ಲ.

ನಿನ್ನೆ ಪ್ರಯಾಣಕ್ಕೆ ಅಂತ ನಿಪ್ಪಟ್ಟಿಗೆ ಎಣ್ಣೆ ಇಟ್ಟಿದ್ದೆ. ನೀನು ಮೊದಲು ಮಾಡಿ ಕೆಟ್ಟದ್ದೊಂದು ಬಿಲ್ಲೆ, ಅದಕ್ಕೂ ಮೂತಿ ಇಟ್ಟು ಅರಗು ತುಂಬಿದ್ದೆಯಲ್ಲ, ಅದು ಕಿಟಕಿಯಲ್ಲಿ ಬಿದ್ದಿತ್ತು. ಅದನ್ನೇ ಬಾಣಲೆಗೆ ಹಾಕಿದೆ. ಎಣ್ಣೆ ಇನ್ನೂ ಕಾದಿರಲಿಲ್ಲ, ಹಿಟ್ಟಿನ ಚೂರು ಹಾಕಿದರೆ ತಳದಲ್ಲೇ ಕೂತಿತ್ತು. ಅಷ್ಟಕ್ಕೇ ಅರಗು ಪಾಕದ ಹಾಗೆ ಎಳೆಎಳೆಯಾಗಿ ಬಿಟ್ಟಿತು. ಇಕ್ಕಳದಲ್ಲಿ ಹಿಡಿದರೆ ಮೂತಿ ನನ್ನ ಕೈಗೆ, ಬಿಲ್ಲೆ ಬಾಣಲೆಗೆ. ನೋಡಿ ಬನ್ನಿ ಅಂತ ಇವರನ್ನ ಕರೆದು ತೋರಿಸಿದೆ. ಬಾಣಲೆ ಎಣ್ಣೆ ಬೇರೆ, ಎಂಜಿನ್ ಆಯಿಲ್ ಬೇರೆ ಕಣೇ, ಕನಕಪುರಕ್ಕೆ ಅಷ್ಟು ಸಲ ಹೋಗ್ಬಂದಿಲ್ವಾ, ಒಂದು ತೊಟ್ಟು ಸೋರೈತಾ? ನಿಮ್ಮಣ್ಣಂಗಿಂತ ನಿಂಗೆ ಗೊತ್ತಾ? ಅಂದರು. ಅತ್ತೆಗೆ ಎಣ್ಣೆ ಹಾಳಾದ ಸಂಕಟ. ಮಾವ ಮಾತ್ರ ಮೂತಿಯನ್ನ ತಿರುಗಿಸಿ ನೋಡಿ, ಕಿಟಕಿಯಲ್ಲಿಟ್ಟು ಹೊರಗೆ ಹೋದರು. ಅವರಿಗೂ ಅರ್ಥವಾಗಿದೆ. ಮಗನ ಎದುರು ಬಾಯಿಲ್ಲ. ಥೂ.

ಇವತ್ತು ಬೆಳಿಗ್ಗೆ ಎಂಜಿನ್ ನಿಂತ ಮೇಲೆ ಬಾನೆಟ್ ಒಳಗೆ ಬಗ್ಗಿ ನೋಡಿದೆ. ನೀನು ಬೆಸೆದ ಜಾಗದಲ್ಲಿ ಕೆಂಪಗೆ ಒಂದು ಮಣಿಯಷ್ಟು ಬೆವೆತಿತ್ತು. ಉಗುರು ಇಟ್ಟೆ, ಒಳಗಿಳಿಯಿತು. ನಿಂತಲ್ಲೇ ನಿಂತ ಗಾಡಿಗೆ ಹೀಗೆ. ನಾಳೆ ಒಂದು ಗಾಡಿ ಜನ ಹೇರಿಕೊಂಡು ತಾಳಬೆಟ್ಟದಿಂದ ಮೇಲೆ ಆ ತಿರುವುಗಳನ್ನ ಹತ್ತಬೇಕು. ಇವರು ಆ ಮಣಿಯನ್ನ ಹೆಬ್ಬೆರಳಲ್ಲಿ ಒರೆಸಿ, ಬಣ್ಣ ಕಣೇ ಅಂದರು.

ನಿನ್ನನ್ನ ಕ್ಷಮೆ ಕೇಳು ಅಂತಿಲ್ಲ. ಅರಗು ನಿಲ್ಲೋದಿಲ್ಲ ಅಂತ ನೀನು ಒಂದು ಮಾತು ಹೇಳಬೇಕು. ಇವರು ಕೇಳೋದು ನಿನ್ನ ಮಾತು ಮಾತ್ರ. ಒಪ್ಪಿಕೊಳ್ಳೋಕೆ ನಾಚಿಕೆಯಾದರೆ ಬಿಲ್ಲೆ ಬಿರುಕು ಬಿಟ್ಟಿರಬೇಕು ಅಂತ ಸುಳ್ಳನ್ನಾದರೂ ಹೇಳು. ಅದನ್ನ ಬಿಚ್ಚಿ ಫಿಲ್ಟರನ್ನ ಮೊದಲಿನ ಹಾಗೆ ಕೂರಿಸಿದರೆ ಸಾಕು, ಹತ್ತಿರದ ಊರುಗಳಿಗೆ ಗಾಡಿ ಓಡುತ್ತೆ. ಬೆಟ್ಟಕ್ಕೆ ಬಸ್ಸಿದೆ. ನಾನು ಬರೆದೆ ಅಂತ ಮಾತ್ರ ಹೇಳಬೇಡ.

ನೀನು ಹೇಳದಿದ್ದರೂ ಅಷ್ಟೇ. ನಾನಂತೂ ಪಾಪುವನ್ನ ಆ ಕಾರಿಗೆ ಹತ್ತಿಸೋಲ್ಲ. ಅತ್ತೆ ಬೈಯಲಿ, ಊರು ಆಡಿಕೊಳ್ಳಲಿ. ನಾನು ಗಟ್ಟಿಯಾಗಿದ್ದೀನಿ.

ಅತ್ತಿಗೆಗೆ ಕೇಳಿದೆ ಅಂತ ಹೇಳು.

ಇಂತಿ ನಿನ್ನ ತಂಗಿ,
ಲತಾಮಣಿ

ಮರೆತ ಮಾತು: ಪಕ್ಕದ ಮನೆ ಮುನಿರತ್ನಮ್ಮ ತಮ್ಮ ಮಗಳನ್ನ ನೋಡೋಕೆ ಮೊದಲ ಬಸ್ಸಿಗೆ ಚನ್ನಪಟ್ಟಣಕ್ಕೆ ಬರ್ತಿದ್ದಾರೆ, ಅವರ ಕೈಯಲ್ಲೇ ಇದನ್ನ ಕೊಡ್ತಿದ್ದೀನಿ. ಅವರು ಬಾಗಿಲಲ್ಲಿ ಕಾಯ್ತಿದ್ದಾರೆ, ಅದಕ್ಕೆ ನಿಜ ಬರೆದುಬಿಡ್ತೀನಿ. ಗಟ್ಟಿಯಾಗಿದ್ದೀನಿ ಅಂದದ್ದು ಸುಳ್ಳು ಅಣ್ಣ. ಕಾರ್ತಿಕ ಸೋಮವಾರ ಹರಕೆ, ನೆಂಟರೆಲ್ಲ ಅಂಗಳದಲ್ಲಿ ನಿಂತು ನೋಡ್ತಿರುವಾಗ ಅತ್ತೆ ಮಗುವನ್ನ ಎತ್ತಿಕೊಂಡು ಹಿಂದಿನ ಸೀಟಿಗೆ ಹತ್ತುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಹಿಂದೆಯೇ ಹತ್ತುತ್ತೀನಿ. ನನ್ನನ್ನ ನನಗೆ ಗೊತ್ತು. ನಿಮ್ಮಿಬ್ಬರಿಗಿಂತ ನನ್ನ ಮೇಲೇ ನನಗೆ ಹೆಚ್ಚು ಹೇಸಿಗೆ. ನಾಳೆ ಬೆಳಗಿನ ಜಾವ ನಾಲ್ಕು ಗಂಟೆಗೆ ಹೊರಡ್ತೀವಿ. ಮನೆ ಫೋನು ಮಾವನ ಮಂಚದ ಹತ್ತಿರ ಇದೆ, ನಾನು ಅದರ ಕೆಳಗೇ ಚಾಪೆ ಹಾಸಿಕೊಂಡಿರ್ತೀನಿ. ಸರಿರಾತ್ರಿಯಾದರೂ ಸರಿ, ಬೈದರೂ ಸರಿ, ನಾವು ಹೊರಡೋದರೊಳಗೆ ಫೋನ್ ಮಾಡು. ದಮ್ಮಯ್ಯ ಅಂತೀನಿ, ಮಾಡು.