ಗಾಳಿಯಿಲ್ಲದ ಜುಲೈ

ಅಲ್ ರೀಮ್ ಐಲ್ಯಾಂಡ್, ಅಬುಧಾಬಿ
೯ ಜನವರಿ ೨೦೧೪

ತಿಲಕ್ ಅವರಿಗೆ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಇದು ಹೆಂಡತಿ ಬರೆಯುವ ಪತ್ರವಲ್ಲ. ನೀವು ಮನೆ ಬಿಟ್ಟು ಬನಿಯಾಸ್‌ನ ರೂಮಿಗೆ ಹೋದದ್ದು, ನನಗೊಂದು ಮಾತೂ ಹೇಳದೆ ಅಂಟಾರ್ಕ್ಟಿಕಕ್ಕೆ ಹೊರಟದ್ದು, ಯಾವುದನ್ನೂ ಎತ್ತುವುದಿಲ್ಲ. ಒಂದೇ ಆಫೀಸಿನವಳು ಎಂದುಕೊಂಡು ಓದಿ. ನಿಮ್ಮ ಮೇಲ್, ಫೋನು ಎಲ್ಲ ನಮ್ಮ ಮ್ಯಾನೇಜರ್ ಸ್ಟೀಫನ್ ಮೂಲಕವೇ ಹೋಗುವುದರಿಂದ ಇದನ್ನು ನಿಮ್ಮ ತಂಡ ಸೇರಲು ಹೊರಟಿರುವ ಆಗಸ್ಟಿನ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಕರಾವಳಿಯ ಕ್ಯಾಂಪಿಗೆ ಬರುವಾಗ ನೀವು ಇನ್ನೂ ಅಲ್ಲೇ, ಒಳಗಿನ ಮಂಜಿನ ನಾಡಿಗೆ ಹೋಗುವ ವಿಮಾನಕ್ಕೆ ಕಾಯುತ್ತಾ ಇರಬೇಕು, ಅಷ್ಟೇ ನನ್ನ ಪ್ರಾರ್ಥನೆ.

ಮಂಜುಗಡ್ಡೆಯ ನಡುವೆ ನೀವು ಕೂರಿಸಿ ಬಂದ ಯಂತ್ರಗಳು ಚಳಿಗಾಲವಿಡೀ ಮನುಷ್ಯರಿಲ್ಲದೆ ಅಳೆದು ಕಳಿಸಿದ್ದನ್ನು ಜೋಡಿಸುವುದು ನನ್ನ ಕೆಲಸವಲ್ಲವೇ? ಅಲ್ಲಿ ಗಾಳಿ ಎಷ್ಟು ಶಾಂತ, ನಕ್ಷತ್ರ ಎಷ್ಟು ಅಲುಗದೆ ಕಾಣುತ್ತದೆ ಎಂದು ನೋಡಿಯೇ ಖಗೋಳದವರು ದೊಡ್ಡ ದೂರದರ್ಶಕ ಇಡುವುದು. ಕಳೆದ ಜುಲೈಯ, ಅಂದರೆ ಅಲ್ಲಿನ ನಡುಚಳಿಗಾಲದ ಗಾಳಿ ನನಗೆ ತೀರಾ ಸಾಧುವಾಗಿ ಕಂಡಿತು. ಹೋಲಿಸಿ ನೋಡಿದರೆ ಅವು ಹಿಂದಿನ ವರ್ಷದ ಜುಲೈಯದೇ ಅಂಕಿಗಳು, ದಿನಾಂಕ ಮಾತ್ರ ಬೇರೆ.

ಕತ್ತಲೆಗಾಲ ಮುಗಿದ ಮೇಲೆ ಅಲ್ಲಿನ ಕ್ಯಾಮೆರಾ ಕಳಿಸಿದ ಚಿತ್ರಗಳನ್ನು ತೆರೆದೆ. ಗಾಳಿ ಅಳೆಯುವ ಕಂಬ ಬಿದ್ದಿದೆ. ಜನರೇಟರಿನ ಹೊಗೆಕೊಳವೆ ಬಾಯಿಯವರೆಗೂ ಹಿಮದಲ್ಲಿ ಹೂತಿದೆ. ನೀವು ಹೋಗಿ ಮಲಗಬೇಕಾದ ಕ್ಯಾಬಿನ್ ಒಳಗಿನ ವಿಷಾನಿಲದ ಸೆನ್ಸರ್ ಮಾತ್ರ ಎಲ್ಲ ಸರಿಯಿದೆ ಎಂದು ಹೇಳುತ್ತಲೇ ಇದೆ. ಅದರ ಅಂಕಿ ತಿಂಗಳುಗಟ್ಟಲೆ ಒಂದಿಷ್ಟೂ ಅಲುಗಿಲ್ಲ, ಕೆಟ್ಟು ನಿಂತಿರಬೇಕು.

ಸ್ಟೀಫನ್‌ಗೆ ತೋರಿಸಿದೆ. "ಒಳ್ಳೆ ಸುದ್ದಿ ಬಂದರೂ ನಿಮಗೆ ಸಂಶಯವಾ ಶರ್ಮಿಳಾ? ಖಗೋಳದವರಿಗೆ ರಿಪೋರ್ಟ್ ಹೋಗಿಯಾಗಿದೆ, ಖಲಾಸ್," ಎಂದು ನಕ್ಕ. ಮರುದಿನ ಆ ಚಿತ್ರಗಳು ನನ್ನ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ನಿನ್ನೆ ತಾನೇ ಚಹಾ ಹಿಡಿದು ನನ್ನ ಮೇಜಿಗೆ ಬಂದ, ಎಂದೂ ತಂದವನಲ್ಲ. "ತಿಲಕ್ ಹತ್ತಿರ ಈಗ ಮಾತುಕತೆ ಉಂಟಾ?" ಎಂದು ಕೇಳಿದ. ಇಲ್ಲ ಎಂದೆ. ಅವನ ಮುಖ ಸಡಿಲವಾದದ್ದನ್ನು ನೋಡಿಯೇ ಈ ಪತ್ರ ಬರೆಯಲು ನಿರ್ಧರಿಸಿದೆ.

ಇನ್ನೊಂದೂ ಹೇಳಿಬಿಡುತ್ತೇನೆ. ಆ ರಿಪೋರ್ಟಿನಡಿ ಸ್ಟೀಫನ್ ಜೊತೆ ನಿಮ್ಮ ಹೆಸರೂ ಇದೆ. ನಿಮಗೂ ಗೊತ್ತಿದೆಯೇನೋ, ಇಬ್ಬರೂ ಸೇರಿಯೇ ಮಾಡಿದಿರೇನೋ ಎಂದು ಸಂಶಯಪಟ್ಟೆ. ಆಮೇಲೆ ಹೊಳೆಯಿತು: ಗೊತ್ತಿದ್ದವರು ಯಾರೂ ಆ ಕ್ಯಾಬಿನ್‌ನಲ್ಲಿ ಮಲಗಲು ಒಪ್ಪುವುದಿಲ್ಲ. ನೀವು ಒಪ್ಪಿ ಹೋಗಿದ್ದೀರಿ.

ಅಲ್ಲಿ ಮಲಗಬೇಡಿ. ಬಾಗಿಲು ತೆರೆದಿಟ್ಟು, ಕೊಳವೆಯ ಸುತ್ತ ಹಿಮ ಅಗೆದು, ನಿಮ್ಮದೇ ಮೀಟರಿನಲ್ಲಿ ಅಳೆದ ಮೇಲೆಯೇ ಜನರೇಟರ್ ಮುಟ್ಟಿ. ಆ ಹೊಗೆಯ ಅನಿಲಕ್ಕೆ ವಾಸನೆಯಿಲ್ಲ. ಎಲ್ಲ ಸರಿಯಿದೆ ಎಂದು ಸ್ಟೀಫನ್ ಫೋನಿನಲ್ಲಿ ಹೇಳಿದರೆ ಹೂಂ ಎನ್ನಿ, ನಂಬಬೇಡಿ.

ಇತಿ,
ಶರ್ಮಿಳಾ

ತಾ.ಕ.: ಸ್ಟೀಫನ್ ಮುಚ್ಚುವ ಮೊದಲೇ ಆ ಚಿತ್ರಗಳ ಪ್ರತಿ ತೆಗೆದಿದ್ದೆ. ಇವತ್ತು ಬೆಳಿಗ್ಗೆ ನೇರ ಖಗೋಳದವರಿಗೇ ಕಳಿಸಿದೆ. ಮಧ್ಯಾಹ್ನಕ್ಕೆ ನನ್ನ ಕೆಲಸ ಹೋಯಿತು. ವೀಸಾ ಕ್ಯಾನ್ಸಲ್ ಆಗುತ್ತದೆ, ನೀವು ಬರುವಾಗ ನಾನು ಊರಿನಲ್ಲಿ ಅಮ್ಮನ ಹತ್ತಿರ ಇರುತ್ತೇನೆ. ನಮ್ಮ ಜಗಳ ಇನ್ನೂ ಮುಗಿದಿಲ್ಲ. ನಾನು ಹೇಳುವುದು ಬಹಳ ಬಾಕಿಯಿದೆ, ನೀವು ಹೇಳುವುದನ್ನೂ ಕೇಳುತ್ತೇನೆ. ಅಲ್ಲಿಗೇ ಬನ್ನಿ.